ಹಾಲಿಡೇ ಹೋಮ್ ಹಾಳಾಗೋದು ಬೀಗ ಹಾಕಿದ್ದಾಗ

ಹಾಲಿಡೇ ಹೋಮ್ ತಗೊಂಡು ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡೋಣ ಅಂತ ಹೊರಟವರೆಲ್ಲ ಮೊದಲು ಹೆದರೋದು ಗೆಸ್ಟ್‌ಗಳಿಗೆ. ಗ್ಲಾಸ್ ಒಡೀತಾರೆ, ಗೋಡೆ ಗಲೀಜು ಮಾಡ್ತಾರೆ, ಟವೆಲ್ ಎತ್ಕೊಂಡು ಹೋಗ್ತಾರೆ ಅಂತ. ಮಾಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಒಡೆದ ಗ್ಲಾಸ್ ಅವತ್ತೇ ಕಣ್ಣಿಗೆ ಬೀಳುತ್ತೆ, ಇನ್ನೊಂದು ತಂದಿಟ್ರೆ ಮುಗೀತು. ಒಂದು ಬುಕಿಂಗ್ ಮುಗಿದು ಇನ್ನೊಂದು ಬರೋವರೆಗೂ ಮನೆ ಸುಮ್ನೆ ಬೀಗ ಹಾಕ್ಕೊಂಡು ನಿಂತಿರುತ್ತಲ್ಲ, ದುಡ್ಡು ತಿನ್ನೋದು ಆ ದಿನಗಳೇ.

ನೀರಿಂದಾನೇ ಶುರು ಮಾಡೋಣ, ಯಾಕಂದ್ರೆ ಜಾಸ್ತಿ ಖರ್ಚು ಬರೋದೂ ಅಲ್ಲೇ. ಎರಡು ದಿನಕ್ಕಿಂತ ಜಾಸ್ತಿ ಖಾಲಿ ಇರುತ್ತೆ ಅಂದ್ರೆ ಗೀಸರ್ ಸ್ವಿಚ್ ಆಫ್ ಮಾಡಿ ಆಮೇಲೆ ಮೇನ್ ವಾಲ್ವ್ ಬಂದ್ ಮಾಡಿ. ವಾಷಿಂಗ್ ಮಷೀನ್‌ಗೆ ಹೋಗೋ ರಬ್ಬರ್ ಪೈಪ್ ಇಪ್ಪತ್ನಾಲ್ಕು ಗಂಟೆನೂ ಪ್ರೆಷರ್‌ನಲ್ಲೇ ಇರುತ್ತೆ, ಸುಮಾರು 5 ವರ್ಷಕ್ಕೊಂದ್ಸಲ ಬದಲಾಯಿಸ್ಬಿಡಿ, ಚೆನ್ನಾಗೇ ಕಾಣ್ತಿದ್ಯಲ್ಲ ಅಂತ ಬಿಡ್ಬೇಡಿ, ಒಡೆಯೋ ಹಿಂದಿನ ದಿನದವರೆಗೂ ಅದು ಚೆನ್ನಾಗೇ ಕಾಣುತ್ತೆ. ಬೀಗ ತೆಗೆದ ತಕ್ಷಣ ಮೋರಿ ವಾಸನೆ ಬಂತು ಅಂದ್ರೆ ಪ್ಲಂಬರ್‌ಗೆ ಫೋನ್ ಮಾಡೋ ಮುಂಚೆ ಸಿಂಕ್‌ಗೂ ಬಾತ್‌ರೂಮ್ ಜಾಲರಿಗೂ ಒಂದೊಂದು ಚೊಂಬು ನೀರು ಹುಯ್ಯಿರಿ, ಯಾಕಂದ್ರೆ ಕೆಳಗಿರೋ ಬಾಗಿದ ಪೈಪಲ್ಲಿ ನಿಂತಿರೋ ನೀರೇ ಗ್ಯಾಸ್‌ನ ತಡೆಯೋದು, ವಾರಗಟ್ಲೆ ಬಳಸ್ದಿದ್ರೆ ಅದು ಆರಿ ಹೋಗುತ್ತೆ. ಹೊರಡೋವಾಗ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ರೆ ಬೇಗ ಆರಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಪೈಪಲ್ಲಿ ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ, ಶವರ್‌ನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ತರುತ್ತೆ. ಅದಕ್ಕೇ ನೀರು ತುಂಬಿಟ್ಕೊಳ್ಳೋ ಗೀಸರ್‌ನ 60 ಡಿಗ್ರಿಯಲ್ಲಿಡಿ, ಮಕ್ಕಳಿರೋ ಗೆಸ್ಟ್‌ಗಳಿಗೆ ನೀರು ಸುಡುತ್ತೆ ಅಂತ ಹೇಳಿ. ಖಾಲಿ ಬಿದ್ದ ಮೇಲೆ ಯಾರಾದ್ರೂ ಬರೋ ಮುಂಚೆ ಎಲ್ಲಾ ನಲ್ಲಿನೂ ಕೆಲವು ನಿಮಿಷ ಹರಿಯೋಕೆ ಬಿಡಿ, ಶವರ್ ತಲೆಯನ್ನ ಮಾತ್ರ ಬಕೆಟ್ ಒಳಗೆ ಇಳಿಬಿಟ್ಟು ನೀರು ಬಿಡಿ, ಹನಿ ಹಾರಬಾರ್ದು.

ಆಮೇಲೆ ಬೂಷ್ಟು. ಒದ್ದೆಯಾಗಿದ್ದು 24ರಿಂದ 48 ಗಂಟೆಯೊಳಗೆ ಒಣಗದಿದ್ರೆ ಶುರುವಾಗುತ್ತೆ, ಅಂದ್ರೆ ಗೆಸ್ಟ್ ಬಾಗಿಲ ಹಿಂದೆ ನೇತಾಕಿ ಹೋದ ಒಂದು ಒದ್ದೆ ಟವೆಲ್ ಸಾಕು. ತೇವ ಅಳೆಯೋ ಸಣ್ಣ ಮೀಟರ್ ಒಂದು ಗೋಡೆಗೆ ತಗಲಿಸಿ, ಶೇಕಡಾ 60 ದಾಟಬಾರ್ದು. ಕಪಾಟನ್ನ ಗೋಡೆಯಿಂದ ಒಂದು ಬೆರಳು ಈಚೆಗಿಡಿ. ತುಂಬಾ ದಿನ ಯಾರೂ ಬರಲ್ಲ ಅಂದ್ರೆ ಫ್ರಿಜ್ ಖಾಲಿ ಮಾಡಿ ಪ್ಲಗ್ ಕಿತ್ತು ಬಾಗಿಲಿಗೆ ಬಟ್ಟೆ ಮಡಚಿ ಸಿಕ್ಕಿಸಿ, ಮುಚ್ಚಿಟ್ರೆ ಬರೋ ಮುಗ್ಗು ವಾಸನೆ ಹೋಗಿಸೋಕೆ ಹರಸಾಹಸ ಪಡ್ಬೇಕು. ಫ್ರಿಜ್ ಆನ್ ಇಟ್ಟು ಹೋಗ್ತೀರ ಅಂದ್ರೆ ಫ್ರೀಜರ್‌ನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳ ಸೇರಿದ್ರೆ ನಡುವೆ ಕರೆಂಟ್ ಹೋಗಿ ಎಲ್ಲಾ ಕರಗಿತ್ತು ಅಂತ, ಒಳಗಿರೋದನ್ನೆಲ್ಲ ಎಸೀರಿ.

ತಿಗಣೆ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ಮನೆ ಸ್ವಲ್ಪ ದಿನ ಖಾಲಿ ಬಿಟ್ರೆ ಸಾಯುತ್ತೆ ಅಂತ. ಸಾಯಲ್ಲ, ರಕ್ತ ಸಿಗದೆ ತಿಂಗಳುಗಟ್ಲೆ ಇರುತ್ತೆ. ಪ್ರತಿ ಸಲ ಹಾಸಿಗೆ ಹೊಲಿಗೆ, ಮಂಚದ ತಲೆಹಲಗೆ ಹಿಂಭಾಗ ಟಾರ್ಚ್ ಬಿಟ್ಟು ನೋಡಿ, ಪೆನ್ ಇಂಕ್ ಚುಕ್ಕಿ ಥರ ಕಪ್ಪು ಕಲೆ ಕಂಡ್ರೆ ಅನುಮಾನಾನೇ ಬೇಡ. ಬಟ್ಟೆನ ಡ್ರೈಯರ್‌ನಲ್ಲಿ ಜಾಸ್ತಿ ಬಿಸಿಗೆ ಅರ್ಧ ಗಂಟೆ ತಿರುಗಿಸಿದ್ರೆ ಅದರಲ್ಲಿರೋದು ಸಾಯುತ್ತೆ, ಹಾಸಿಗೆಗೆ ಮಾತ್ರ ಪೆಸ್ಟ್ ಕಂಟ್ರೋಲ್‌ನವರೇ ಬರ್ಬೇಕು. ಬೆಡ್‌ಶೀಟ್ ಒಂದು ಮಂಚಕ್ಕೆ ಮೂರು ಸೆಟ್: ಹಾಸಿರೋದು, ಒಗೆಯೋಕೆ ಹಾಕಿರೋದು, ಕಪಾಟಲ್ಲಿರೋದು. ಬಿಳಿದೇ ತಗೊಳ್ಳಿ, ಬ್ಲೀಚ್ ಹಾಕಬಹುದು, ಒಂದು ಹರಿದ್ರೆ ಇನ್ನೊಂದು ಹೊಂದುತ್ತೆ.

ಹನ್ನೊಂದಕ್ಕೆ ಒಬ್ರು ಹೋಗಿ ಮೂರಕ್ಕೆ ಇನ್ನೊಬ್ರು ಬರ್ತಾರೆ ಅಂದ್ರೆ ಕೈಯಲ್ಲಿರೋದು ನಾಲ್ಕೇ ಗಂಟೆ, ಮೊದಲು ಮಷೀನ್‌ಗೆ ಬಟ್ಟೆ ಹಾಕಿ ಆಮೇಲೆ ಮಿಕ್ಕಿದ್ದು, ನೆಲ ಕೊನೆಗೆ. ಕ್ಲೀನ್ ಮಾಡೋರ ಹತ್ರ ಕೂಲಿ ವಿಷಯದಲ್ಲಿ ಚೌಕಾಸಿ ಮಾಡ್ಬೇಡಿ ಅಂತ ನನ್ನ ಖಚಿತ ಅಭಿಪ್ರಾಯ. ನೀವು ಇಲ್ಲದಾಗ ಮನೆ ನೋಡೋ ಕಣ್ಣು ಅವ್ರದ್ದೇ. ನಲ್ಲಿ ಸೋರ್ತಿದೆ ಅಂತ ಅವ್ರು ಒಂದು ಫೋಟೋ ಕಳಿಸಿದ್ರೆ ಚಾವಣಿ ಉಳೀತು.

ಬಾಗಿಲಿಗೆ ನಂಬರ್ ಲಾಕ್ ಹಾಕ್ಸಿ, ಪ್ರತಿ ಗೆಸ್ಟ್‌ಗೂ ಕೋಡ್ ಬದಲಾಯಿಸಿ. ಸ್ಮೋಕ್ ಅಲಾರಂ ಬ್ಯಾಟರಿ ಬದಲಾಯಿಸ್ತಾ ಇದ್ರೆ ಸಾಲದು, 10 ವರ್ಷಕ್ಕೆ ಅಲಾರಮ್ಮನ್ನೇ ಬದಲಾಯಿಸ್ಬೇಕು. ಗ್ಯಾಸ್ ಗೀಸರ್ ಇದ್ರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ದೆ ಬಾಡಿಗೆಗೆ ಕೊಡಲೇಬೇಡಿ, ಆ ವಿಷಗಾಳಿಗೆ ಬಣ್ಣಾನೂ ಇಲ್ಲ ವಾಸನೇನೂ ಇಲ್ಲ. ಮನೆ ಒಳಗೆ ಕ್ಯಾಮೆರಾ ಹಾಕೋ ಯೋಚನೆ ಇದ್ರೆ ಬಿಡಿ, ಆನ್‌ಲೈನ್‌ನಲ್ಲಿ ಇಂಥ ಮನೆ ಬುಕ್ ಮಾಡಿಸೋ ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಅದನ್ನ ಪೂರ್ತಿ ನಿಷೇಧಿಸಿದೆ. ಇನ್ಶೂರೆನ್ಸ್ ಪಾಲಿಸಿನೂ ಒಂದ್ಸಲ ಓದಿ, ಮಾಮೂಲಿ ಮನೆ ಪಾಲಿಸಿ ಎಷ್ಟೋ ಸಲ ದಿನಬಾಡಿಗೆಗೆ ಅನ್ವಯಿಸಲ್ಲ, ಇಂತಿಷ್ಟು ದಿನಕ್ಕಿಂತ ಮನೆ ಖಾಲಿ ಬಿಟ್ರೆ ಕ್ಲೇಮ್ ಇಲ್ಲ ಅನ್ನೋ ಷರತ್ತೂ ಇರಬಹುದು.

ಇಷ್ಟೆಲ್ಲ ಮಾಡಿದ್ರೂ ವರ್ಷಕ್ಕೆ ಎರಡು ಸಲ ನೀವೇ ಗೆಸ್ಟ್ ಥರ ಬ್ಯಾಗ್ ಹಿಡ್ಕೊಂಡು ಹೋಗಿ ಗೆಸ್ಟ್ ರೂಮಲ್ಲೇ ಒಂದು ರಾತ್ರಿ ಮಲಗಿ. ನಾನು ಎರಡು ವರ್ಷ ಮನೆ ಬಾಡಿಗೆಗೆ ಕೊಟ್ಟಾದ ಮೇಲೆ ಮೊದಲ ಸಲ ಹಾಗೆ ಮಲಗಿದ್ದು. ಬಾಗಿಲ ಪಕ್ಕ ಲೈಟ್ ಆರಿಸಿ ಕತ್ತಲಲ್ಲಿ ತಡಕಾಡ್ತಾ ಬರೋವಾಗ ಮಂಚದ ಕಾಲಿಗೆ ಕಿರುಬೆರಳು ಹೊಡೀತು ನೋಡಿ, ಮಾರನೇ ದಿನವೇ ಎಲೆಕ್ಟ್ರಿಷಿಯನ್‌ನ ಕರೆಸಿ ಅದೇ ಲೈಟನ್ನ ಎರಡೂ ಕಡೆಯಿಂದ ಆರಿಸೋ ಹಾಗೆ ದಿಂಬಿನ ಪಕ್ಕ ಒಂದು ಟೂ ವೇ ಸ್ವಿಚ್ ಹಾಕಿಸ್ದೆ.