ಮಟ್ಟು ಗುಳ್ಳ ಸಿಕ್ಕಿದರೆ ಎಣ್ಣೆಯಲ್ಲಿ ಮುಳುಗಿಸಬೇಡಿ

ಮಟ್ಟು ಗುಳ್ಳ ತಂದ ದಿನ ನಮ್ಮ ಮನೆಯಲ್ಲಿ ಬೇರೆ ತರಕಾರಿ ಕೇಳುವವರೇ ಇಲ್ಲ. ಇದು ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ, ಸಮುದ್ರದ ಪಕ್ಕದಲ್ಲೇ ಇರುವ ಮಟ್ಟು ಊರಿನ ಬದನೆ. 16ನೇ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಊರವರಿಗೆ ಇದರ ಬೀಜ ಕೊಟ್ಟರು ಅಂತ ನಂಬಿಕೆ, ಅದಕ್ಕೇ ವಾದಿರಾಜ ಗುಳ್ಳ ಅಂತಲೂ ಕರೆಯುತ್ತಾರೆ. ಮೊದಲ ಬೆಳೆಯನ್ನು ಇವತ್ತಿಗೂ ಉಡುಪಿ ಕೃಷ್ಣನಿಗೆ ಒಪ್ಪಿಸುತ್ತಾರೆ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿತು.

ಸಂತೆಯಲ್ಲಿ ಹಸಿರು ಗುಂಡು ಬದನೆಯನ್ನೆಲ್ಲ ಗುಳ್ಳ ಅಂತ ಮಾರುತ್ತಾರೆ, ಆದ್ದರಿಂದ ನೋಡಿ ತಗೊಳ್ಳಿ. ತಿಳಿ ಹಸಿರು ಮೈ, ಅದರ ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಹಳದಿಗೆ ತಿರುಗಿದ್ದು ಬೇಡ, ಬೀಜ ಬಲಿತಿರುತ್ತದೆ.

ಹೆಚ್ಚಿದ ಕೂಡಲೇ ನೀರಿಗೆ ಹಾಕಿ. ಇಲ್ಲದಿದ್ದರೆ ಕಪ್ಪಾಗುತ್ತದೆ. ಹೋಳುಗಳಿಗೆ ಗಾಳಿ ತಾಗಿದಾಗ ಅವುಗಳಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ಅಂಶಗಳು ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ಬದನೆ ಒಳ್ಳೆಯದು ಅನ್ನುವುದೂ ಇದೇ ಆಂಟಿಆಕ್ಸಿಡೆಂಟ್‌ಗಾಗಿ. ಜೊತೆಗೆ ನಾರು ಇದೆ, ಹೊಟ್ಟೆ ತುಂಬುತ್ತದೆ. ಬದನೆ 100 ಗ್ರಾಂ ತಿಂದರೆ ಸುಮಾರು 25 ಕ್ಯಾಲರಿ ಅಷ್ಟೇ. ಆದರೆ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇರುತ್ತದೆ, ಬದನೆಯ ತಿರುಳೋ ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ. ಲಾಭ ಹೋಗುವುದು ಅಲ್ಲೇ, ಅಲ್ವಾ?

ಅದಕ್ಕೇ ನನಗೆ ಸುಟ್ಟ ಗೊಜ್ಜು ಜಾಸ್ತಿ ಇಷ್ಟ. ಇಡೀ ಗುಳ್ಳಕ್ಕೆ ಎರಡು ಕಡೆ ಚಾಕುವಿನಿಂದ ಚುಚ್ಚಿ, ಮೈಗೆ ಎರಡು ಹನಿ ತೆಂಗಿನೆಣ್ಣೆ ಸವರಿ, ಸಣ್ಣ ಉರಿಯಲ್ಲಿ ನೇರವಾಗಿ ಬೆಂಕಿಯ ಮೇಲೆ ಇಡಿ, ಆಗಾಗ ತಿರುಗಿಸುತ್ತಾ ಇರಿ. ಸಿಪ್ಪೆ ಕರ‍್ರಗಾಗಿ ಬಿರುಕು ಬಿಡುತ್ತದೆ, ಸಂದಿನಿಂದ ನೀರು ಸುಂಯ್ ಅಂತ ಬೆಂಕಿಗೆ ಬೀಳುತ್ತದೆ, ಗುಳ್ಳ ಮೆಲ್ಲಗೆ ಕುಸಿಯುತ್ತದೆ. ಆಗ ಇಳಿಸಿ. ಆರಿದ ಮೇಲೆ ಸಿಪ್ಪೆ ಸುಲಿಯಿರಿ, ನೀರಲ್ಲಿ ತೊಳೆಯಬೇಡಿ, ಹೊಗೆಯ ಪರಿಮಳವೆಲ್ಲ ಹೋಗಿಬಿಡುತ್ತದೆ. ಹಸಿಮೆಣಸು, ಉಪ್ಪು, ಹುಣಸೆ ರಸ, ಚೂರು ಬೆಲ್ಲ ಹಾಕಿ ಕೈಯಲ್ಲೇ ಕಿವುಚಿ. ಒಂದು ಚಿಕ್ಕ ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಸಾಕು. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ಬದನೆ ತಿಂದರೆ ಬಾಯಿ ತುರಿಸುವವರು ಮಾತ್ರ ಸುಮ್ನೆ ಬಿಟ್ಟುಬಿಡಿ, ಅದು ಅಲರ್ಜಿ ಇರಬಹುದು.

ಹುಳಿ ಮಾಡುವುದಾದರೆ ಕುಕ್ಕರ್ ಬೇಡ. ಬೇಳೆ ಬೇರೆಯಾಗಿ ಬೇಯಲಿ. ಗುಳ್ಳದ ಹೋಳು ಉಪ್ಪು-ಹುಳಿ ನೀರಲ್ಲಿ ಕೆಲವೇ ನಿಮಿಷದಲ್ಲಿ ಮೆತ್ತಗಾಗುತ್ತದೆ, ಸಿಪ್ಪೆ ಅಷ್ಟು ತೆಳು. ಆಮೇಲೆ ಬೇಳೆ, ಮಸಾಲೆ ಸೇರಿಸಿ ಒಂದು ಕುದಿ ಬರಿಸಿ. ಸೌಟು ಮೆಲ್ಲಗೆ ಆಡಿಸಿ, ಹೋಳು ಒಡೆಯಬಾರದು.