ಪರ್ಸಿನಲ್ಲಿರುವ ಕಾರ್ಡ್ ಯಾರ ರೊಕ್ಕ ಕೊಡುತ್ತದೆ? ಕ್ರೆಡಿಟ್ ಕಾರ್ಡ್ ಬಡ್ಡಿ ಕಟ್ಟದೆ ಬಳಸುವುದು ಹೇಗೆ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ. ಬಿಲ್ ಮಾಡುವ ಹುಡುಗ ಮಷೀನ್ ಮುಂದಿಟ್ಟು ‘ಡೆಬಿಟ್ಟೋ ಕ್ರೆಡಿಟ್ಟೋ ಸರ್?’ ಎಂದು ಕೇಳುತ್ತಾನೆ. ಬಹಳ ಮಂದಿಯ ಉತ್ತರ ಒಂದೇ: ‘ಎಟಿಎಂ ಕಾರ್ಡ್ ಅದ ನೋಡಪಾ.’ ಹುಡುಗ ಕಾರ್ಡ್ ತಿರುಗಿಸಿ ನೋಡಿ ತಾನೇ ತಿಳಿದುಕೊಳ್ಳುತ್ತಾನೆ. ಅವನಿಗೆ ಅಷ್ಟು ಸಾಕು, ನಮಗೆ ಸಾಲದು. ಒಂದೇ ಅಳತೆಯ ಈ ಪ್ಲಾಸ್ಟಿಕ್ ತುಂಡುಗಳಲ್ಲಿ ಒಂದು ನಮ್ಮ ರೊಕ್ಕ ಕೊಡುತ್ತದೆ, ಇನ್ನೊಂದು ಬ್ಯಾಂಕಿನ ರೊಕ್ಕ ಕೊಡುತ್ತದೆ. ಬ್ಯಾಂಕಿನ ರೊಕ್ಕವನ್ನು ಒಂದು ಪೈಸೆ ಬಡ್ಡಿಯಿಲ್ಲದೆ ಬಳಸಲೂ ಬರುತ್ತದೆ. ಷರತ್ತು ಒಂದೇ, ತಾರೀಖು ತಪ್ಪಬಾರದು, ಬಿಲ್ ಪೂರ್ತಿ ಕಟ್ಟಬೇಕು.

ಮೊದಲು ಪರ್ಸ್ ತೆಗೆದು ನೋಡಿ

ಕಾರ್ಡ್ ಮೇಲೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಂಬ ಹೆಸರುಗಳಿರುತ್ತವೆ. ಅವು ಕಾರ್ಡಿನ ಜಾತಿಯಲ್ಲ. ಅಂಗಡಿಯ ಮಷೀನಿನಿಂದ ನಿಮ್ಮ ಬ್ಯಾಂಕಿನವರೆಗೆ ಲೆಕ್ಕ ಸಾಗಿಸುವ ಜಾಲದ ಹೆಸರುಗಳು. ರುಪೇ ನಮ್ಮ ದೇಶದ್ದು, 2012ರಲ್ಲಿ ಶುರುವಾಯಿತು. ನೀವು ನೋಡಬೇಕಾದದ್ದು ಡೆಬಿಟ್, ಕ್ರೆಡಿಟ್, ಪ್ರೀಪೇಯ್ಡ್ ಎಂಬ ಪದ. ಅದು ಕಾರ್ಡಿನ ಒಂದು ಮೂಲೆಯಲ್ಲಿ ಸಣ್ಣಗೆ ಇರುತ್ತದೆ.

ಡೆಬಿಟ್ ಕಾರ್ಡ್ ಅಂದರೆ ನಾವು ಎಟಿಎಂ ಕಾರ್ಡ್ ಅನ್ನುವುದೇ. ಉಜ್ಜಿದ ಕ್ಷಣ ಖಾತೆಯಿಂದ ರೊಕ್ಕ ಹೋಗುತ್ತದೆ. ಜನಧನ ಖಾತೆಯ ರುಪೇ ಕಾರ್ಡ್ ಇದ್ದವರು ಒಂದು ಮಾತು ನೆನಪಿಡಬೇಕು. 2018ರ ಆಗಸ್ಟ್ 28ರ ನಂತರ ತೆರೆದ ಜನಧನ ಖಾತೆಯ ಕಾರ್ಡಿಗೆ 2 ಲಕ್ಷ ರೂಪಾಯಿ ಅಪಘಾತ ವಿಮೆ ಇದೆ. ಆದರೆ ಅಪಘಾತದ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡ್ ಬಳಸಿರಬೇಕು. ಟ್ರಂಕಿನ ತಳದಲ್ಲಿ ಪಾಸ್‌ಬುಕ್ ಜೊತೆ ಭದ್ರವಾಗಿಟ್ಟ ಕಾರ್ಡಿಗೆ ಆ ವಿಮೆ ಸಿಗುವುದಿಲ್ಲ. 90 ದಿನ ತುಂಬುವ ಮೊದಲೇ ಒಮ್ಮೆ ಎಟಿಎಂನಲ್ಲಿ ನೂರು ರೂಪಾಯಿ ತೆಗೆಯುತ್ತಿರಿ, ಸಾಕು.

ಪ್ರೀಪೇಯ್ಡ್ ಕಾರ್ಡಿಗೆ ಮೊದಲು ರೊಕ್ಕ ತುಂಬಬೇಕು, ಆಮೇಲೆ ಖರ್ಚು. ಮದುವೆಗೆ ಕೊಡುವ ಗಿಫ್ಟ್ ಕಾರ್ಡ್ ಇದೇ ಜಾತಿ, ಅದರಲ್ಲಿ 10,000 ರೂಪಾಯಿಗಿಂತ ಜಾಸ್ತಿ ತುಂಬುವಂತಿಲ್ಲ. ನಮ್ಮ ಕಡೆಯಿಂದ ಹಜ್, ಉಮ್ರಾಗೆ ಹೋಗುವವರಿಗೆ, ಹೊರದೇಶದಲ್ಲಿ ಓದುವ ಮಕ್ಕಳಿಗೆ ಫಾರೆಕ್ಸ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಇಲ್ಲಿಯೇ ರಿಯಾಲ್ ಅಥವಾ ಡಾಲರ್ ತುಂಬಿಸಿಕೊಂಡು ಹೋದರೆ ಅಲ್ಲಿ ದರದ ಏರಿಳಿತದ ಚಿಂತೆ ಇಲ್ಲ.

ಇನ್ನು ಕ್ರೆಡಿಟ್ ಕಾರ್ಡ್. ಬ್ಯಾಂಕ್ ಒಂದು ಮಿತಿ ಕೊಡುತ್ತದೆ, ಆ ಮಿತಿಯೊಳಗೆ ನೀವು ಖರ್ಚು ಮಾಡುತ್ತೀರಿ, ತಿಂಗಳಿಗೊಮ್ಮೆ ಬಿಲ್ ಬರುತ್ತದೆ. ಓಣಿಯ ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ: ಕಿರಾಣಿ ಕಾಕಾ ಎರಡು ದಿನ ತಡವಾದರೆ ‘ಆಯ್ತು ಬಿಡ್ರಿ’ ಅಂದಾನು, ಬ್ಯಾಂಕ್ ಅನ್ನುವುದಿಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆ, ಇದು ಬೇರೆ

ನಮ್ಮ ಭಾಗದಲ್ಲಿ ದೊಡ್ಡ ಗೊಂದಲ ಇರುವುದು ಇಲ್ಲೇ. ಜೇವರ್ಗಿ, ಸೇಡಂ, ಆಳಂದ ಕಡೆಯ ತೊಗರಿ ರೈತರಿಗೆ ಕ್ರೆಡಿಟ್ ಕಾರ್ಡ್ ಅಂದರೆ ಕಿಸಾನ್ ಕಾರ್ಡೇ. 1998ರಲ್ಲಿ ಶುರುವಾದ ಆ ಯೋಜನೆ ಬೆಳೆ ಸಾಲದ್ದು. 3 ಲಕ್ಷದವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 7 ಬಡ್ಡಿ. ಸರಿಯಾದ ಸಮಯಕ್ಕೆ ತೀರಿಸಿದರೆ ಶೇ 3 ರಿಯಾಯಿತಿ, ನೀವು ಕಟ್ಟಬೇಕಾದದ್ದು ಶೇ 4 ಮಾತ್ರ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ನೂರಕ್ಕೆ ತಿಂಗಳಿಗೆ ಸುಮಾರು 33 ಪೈಸೆ ಬಡ್ಡಿ.

ಪೇಟೆಯ ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 3.75ರವರೆಗೆ ಬಡ್ಡಿ ಬೀಳುತ್ತದೆ. ಅಂದರೆ ಮೂರು, ಮೂರೂವರೆ ರೂಪಾಯಿ ಬಡ್ಡಿ! ಖಾಸಗಿ ಸಾಲದವನು ಮೂರು ರೂಪಾಯಿ ಬಡ್ಡಿ ಕೇಳಿದರೆ ‘ರಕ್ತ ಹೀರ್ತಾನ’ ಅನ್ನುತ್ತೇವೆ. ಅದೇ ಬಡ್ಡಿಯನ್ನು ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿದ ಬಿಲ್ ಕೇಳಿದರೆ ಸುಮ್ನೆ ಕಟ್ಟುತ್ತೇವೆ. ಎರಡೂ ಕಾರ್ಡಿಗೆ ‘ಕ್ರೆಡಿಟ್’ ಎಂಬ ಹೆಸರಿದೆ ಎಂದು ಎರಡನ್ನೂ ಒಂದೇ ಧೈರ್ಯದಲ್ಲಿ ಬಳಸಬೇಡಿ.

ಇನ್ನೊಂದು ಮಾತು. ಕಿಸಾನ್ ಸಾಲಕ್ಕೆ ಕೊಡುವ ರುಪೇ ಕಾರ್ಡ್ ಎಟಿಎಂನಲ್ಲೂ ನಡೆಯುತ್ತದೆ. ಅಲ್ಲಿ ತೆಗೆದದ್ದು ನಿಮ್ಮ ಉಳಿತಾಯವಲ್ಲ, ಸಾಲ. ಮನೆಯ ಹುಡುಗರ ಕೈಗೆ ಆ ಕಾರ್ಡ್ ಕೊಟ್ಟು ಕಳಿಸುವ ಮುನ್ನ ಇದನ್ನು ಹೇಳಿಬಿಡಿ.

ಕಾರ್ಡ್ ಪಡೆಯುವುದು ಹೇಗೆ

ಸಂಬಳದ ಚೀಟಿ ಇದ್ದವರಿಗೆ ಕಷ್ಟವಿಲ್ಲ, ಸಂಬಳ ಬೀಳುವ ಬ್ಯಾಂಕಿನಲ್ಲೇ ಕೇಳಿದರೆ ಆಯಿತು. ಕಪಡಾ ಬಜಾರಿನಲ್ಲಿ ಸಣ್ಣ ಅಂಗಡಿ ಇಟ್ಟವರು, ಮನೆಯಲ್ಲಿ ಹೊಲಿಗೆ ಮಾಡುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು ಎಫ್‌ಡಿ ಮೇಲಿನ ಕಾರ್ಡ್ ಕೇಳಬೇಕು. ಬ್ಯಾಂಕಿನಲ್ಲಿ ಒಂದಿಷ್ಟು ರೊಕ್ಕ ಎಫ್‌ಡಿ ಇಟ್ಟರೆ ಅದರ ಬಹುಪಾಲು ಮೊತ್ತವನ್ನು ಮಿತಿಯಾಗಿಟ್ಟು ಕಾರ್ಡ್ ಕೊಡುತ್ತಾರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಮೊದಲ ಕಾರ್ಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಿತಿ ಸಣ್ಣದಿರುವುದರಿಂದ ಕೈ ತಪ್ಪಿದರೂ ಪೆಟ್ಟು ಸಣ್ಣದು.

ವರ್ಷದ ಫೀ ಎಷ್ಟು, ಎಷ್ಟು ಖರ್ಚು ಮಾಡಿದರೆ ಅದು ಮಾಫಿ ಎಂದು ಮೊದಲೇ ಕೇಳಿ. ವಿಮಾನ ನಿಲ್ದಾಣದ ಲಾಂಜ್ ಫ್ರೀ ಎಂದು ಸಾವಿರಾರು ರೂಪಾಯಿ ಫೀ ಇರುವ ಕಾರ್ಡ್ ಮಾರಲು ಬರುತ್ತಾರೆ. ನೀವು ವರ್ಷಕ್ಕೆ ಎಷ್ಟು ಸಲ ಶಂಶಾಬಾದ್‌ಗೆ ಹೋಗಿ ವಿಮಾನ ಹತ್ತುತ್ತೀರಿ, ಅಷ್ಟು ಲೆಕ್ಕ ಹಾಕಿ ಉತ್ತರ ಕೊಡಿ. ಕೇಳದೆ ಕಾರ್ಡ್ ಕಳಿಸುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಹಾಗೆ ಬಂದರೆ ಒಟಿಪಿ ಕೊಟ್ಟು ಚಾಲೂ ಮಾಡಬೇಡಿ.

ಎರಡು ತಾರೀಖು ಬರೆದಿಟ್ಟುಕೊಳ್ಳಿ

ಕಾರ್ಡಿನ ಲಾಭವೆಲ್ಲ ಎರಡು ತಾರೀಖಿನ ನಡುವೆ ಇದೆ. ಒಂದು ಬಿಲ್ ಆಗುವ ದಿನ, ಇನ್ನೊಂದು ಕಟ್ಟಲು ಕೊನೆಯ ದಿನ.

ನಿಮ್ಮ ಬಿಲ್ ಪ್ರತಿ ತಿಂಗಳು 12ಕ್ಕೆ ಆಗುತ್ತದೆ, ಕಟ್ಟಲು 20 ದಿನ ಕೊಡುತ್ತಾರೆ ಎಂದುಕೊಳ್ಳಿ. ಏಪ್ರಿಲ್ ಬಿಸಿಲು, ಮನೆಗೆ ಕೂಲರ್ ಬೇಕು. ಏಪ್ರಿಲ್ 11ಕ್ಕೆ ಕೊಂಡರೆ ಅದು ಮರುದಿನದ ಬಿಲ್ಲಿಗೇ ಸೇರುತ್ತದೆ, ಮೇ 2ರೊಳಗೆ ಕಟ್ಟಬೇಕು. ಕೈಗೆ ಸಿಕ್ಕದ್ದು 21 ದಿನ. ಎರಡು ದಿನ ಸೆಕೆ ತಡೆದುಕೊಂಡು 13ಕ್ಕೆ ಕೊಂಡರೆ? ಮೇ 12ರ ಬಿಲ್ಲಿಗೆ ಸೇರುತ್ತದೆ, ಕಟ್ಟುವುದು ಜೂನ್ 1ಕ್ಕೆ. 49 ದಿನ ಬಡ್ಡಿಯಿಲ್ಲದ ಸಾಲ! ಅಷ್ಟು ದಿನ ನಿಮ್ಮ ರೊಕ್ಕ ನಿಮ್ಮ ಖಾತೆಯಲ್ಲೇ ಇರುತ್ತದೆ.

ಕೊನೆಯ ದಿನ ಸಂಬಳಕ್ಕಿಂತ ಮೊದಲು ಬೀಳುತ್ತಿದ್ದರೆ ಬ್ಯಾಂಕಿಗೆ ಹೇಳಿ ಬಿಲ್ಲಿನ ಚಕ್ರ ಬದಲಿಸಿಕೊಳ್ಳಿ. ಒಮ್ಮೆಯಾದರೂ ಬದಲಿಸಲು ಅವಕಾಶ ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಂಬಳ ತಿಂಗಳ ಮೊದಲ ವಾರ ಬರುವವರು ಕೊನೆಯ ದಿನವನ್ನು ಎರಡನೇ ವಾರಕ್ಕೆ ಇಟ್ಟುಕೊಂಡರೆ ನೆಮ್ಮದಿ.

ಆಮೇಲೆ ಆಟೋ ಡೆಬಿಟ್ ಹಾಕಿ, ಅಂದರೆ ಬಿಲ್ಲಿನ ರೊಕ್ಕ ಖಾತೆಯಿಂದ ತಾನಾಗಿಯೇ ಹೋಗುವಂತೆ ಮಾಡಿ. ಹಾಕುವಾಗ ಎರಡು ಆಯ್ಕೆ ಕೇಳುತ್ತದೆ: ಪೂರ್ತಿ ಮೊತ್ತ, ಮಿನಿಮಮ್ ಮೊತ್ತ. ಪೂರ್ತಿ ಮೊತ್ತಕ್ಕೇ ಗುರುತು ಹಾಕಿ. ಈ ಒಂದು ಗುರುತಿನಲ್ಲಿ ಎಲ್ಲ ಇದೆ.

ಯಾಕೆ ಅಂದರೆ ಹೀಗೆ. ಬಿಲ್ 20,000 ಇದೆ. ಮಿನಿಮಮ್ 1,000 ಕಟ್ಟಿದಿರಿ, ‘ಕಟ್ಟಿದೆನಲ್ಲ’ ಎಂದು ಸಮಾಧಾನ. ಉಳಿದ 19,000ಕ್ಕೆ ಶೇ 3.5ರಂತೆ ಒಂದು ತಿಂಗಳಿಗೆ 665 ರೂಪಾಯಿ ಬಡ್ಡಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 785. ಮುಂದಿನ ತಿಂಗಳು ಮತ್ತೆ ಸಾವಿರ ಕಟ್ಟಿದರೆ ಅಸಲಿಗೆ ಹೋಗುವುದು ಇನ್ನೂರು ಚಿಲ್ಲರೆ ಮಾತ್ರ! ಇದು ಸುಲಭದ ಲೆಕ್ಕ. ನಿಜದಲ್ಲಿ ಬಡ್ಡಿಯನ್ನು ಸಾಮಾನು ಕೊಂಡ ದಿನದಿಂದಲೇ ಎಣಿಸುತ್ತಾರೆ, ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ.

ಹೀಗೆ ಬಳಸಿದರೆ ಸಿಗುವ ಲಾಭ

ಮೊದಲನೆಯದು ಸಿಬಿಲ್ ಸ್ಕೋರ್. ನೀವು ಸಾಲವನ್ನು ಎಷ್ಟು ಸರಿಯಾಗಿ ತೀರಿಸುತ್ತೀರಿ ಎಂದು ಹೇಳುವ, 300ರಿಂದ 900ರವರೆಗಿನ ಅಂಕ ಇದು. ಮುಂದೆ ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಹೋದಾಗ ಬ್ಯಾಂಕ್‌ನವರು ಮೊದಲು ನೋಡುವುದು ಇದನ್ನೇ. 750ರ ಮೇಲಿದ್ದರೆ ಮಾತುಕತೆ ಸಲೀಸು. ಸಾಲವನ್ನೇ ಮಾಡದವನ ಹೆಸರಿಗೆ ಅಂಕವೇ ಇರುವುದಿಲ್ಲ, ಅವನನ್ನು ನಂಬುವುದು ಹೇಗೆ ಎಂದು ಬ್ಯಾಂಕಿಗೆ ಗೊತ್ತಾಗುವುದಿಲ್ಲ. ತಿಂಗಳಿಗೆ ಎರಡು ಸಾವಿರದ ಕಿರಾಣಿಯನ್ನು ಕಾರ್ಡಿನಲ್ಲಿ ತಂದು ಸರಿಯಾಗಿ ಕಟ್ಟುತ್ತಾ ಬಂದರೂ ಅಂಕ ಬೆಳೆಯುತ್ತದೆ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದರ ಬಗ್ಗೆ ಮಾರುವವರು ಜಾಸ್ತಿ ಹೇಳುವುದಿಲ್ಲ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನು ಬರಲೇ ಇಲ್ಲ, ಅಥವಾ ಒಂದೇ ಬಿಲ್ ಎರಡು ಸಲ ಬಿತ್ತು ಎಂದುಕೊಳ್ಳಿ. ಡೆಬಿಟ್ ಕಾರ್ಡ್ ಆಗಿದ್ದರೆ ರೊಕ್ಕ ಖಾತೆಯಿಂದ ಹೋಗಿಯೇ ಬಿಟ್ಟಿರುತ್ತದೆ, ವಾಪಸ್ ಬರುವವರೆಗೆ ಮನೆ ಖರ್ಚಿಗೆ ಪರದಾಟ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಬ್ಯಾಂಕಿಗೆ ತಕರಾರು ಕೊಡಬಹುದು, ಅಷ್ಟರವರೆಗೆ ನಿಮ್ಮ ಉಳಿತಾಯಕ್ಕೆ ಕೈ ಬಿದ್ದಿರುವುದಿಲ್ಲ.

ಕ್ಯಾಶ್‌ಬ್ಯಾಕ್, ಪಾಯಿಂಟ್ಸ್ ಇವೆಲ್ಲ ಇವೆ. ಅವು ಉಪ್ಪಿನಕಾಯಿ ಮಾತ್ರ. ಪಾಯಿಂಟ್ಸ್ ಸಿಗುತ್ತದೆ ಎಂದು ಬೇಡದ್ದನ್ನು ಕೊಂಡವರು ಲಾಭದಲ್ಲಿಲ್ಲ. ‘ನೋ ಕಾಸ್ಟ್’ ಇಎಂಐ, ಅಂದರೆ ಬಡ್ಡಿಯಿಲ್ಲದ ಕಂತು ಅಂದಾಗಲೂ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಇದೆಯಾ ಎಂದು ಕೇಳಿ. ನಗದು ಕೊಟ್ಟರೆ ಸಿಗುವ ರಿಯಾಯಿತಿ ಎಷ್ಟು ಎಂದೂ ಕೇಳಿ.

ಈಗ ರುಪೇ ಕ್ರೆಡಿಟ್ ಕಾರ್ಡನ್ನು ಫೋನಿನ ಯುಪಿಐಗೆ ಜೋಡಿಸಬಹುದು. 2022ರಲ್ಲಿ ಈ ಸೌಲಭ್ಯ ಬಂತು. ಮೆಡಿಕಲ್ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಖಾತೆಯ ಬದಲು ಕಾರ್ಡಿನ ಮಿತಿಯಿಂದ ಹೋಗುತ್ತದೆ. ಆದರೆ ಕ್ಯೂಆರ್ ವ್ಯಾಪಾರದ್ದಾಗಿರಬೇಕು. ತಮ್ಮನಿಗೆ, ಗೆಳೆಯನಿಗೆ ಇದರಿಂದ ರೊಕ್ಕ ಕಳಿಸಲಾಗದು. ಚಹಾದಂಗಡಿಯವರು ತಮ್ಮ ಸ್ವಂತ ಫೋನಿನ ಕ್ಯೂಆರ್ ಇಟ್ಟಿದ್ದರೆ ಅಲ್ಲೂ ನಡೆಯದು.

ಬೇಡವೇ ಬೇಡ

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ. ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಬೇರೆ ಶುಲ್ಕ. ಅಂಗಡಿಯವರು ‘ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ’ ಅಂದರೆ ಉಜ್ಜುವ ಮೊದಲೇ ಮಾತು ಮುಗಿಸಿ. ಬಂಗಾರದ ಬಿಲ್ಲಿನಲ್ಲಿ ಆ ಎರಡು ಪರ್ಸೆಂಟ್ ಸಣ್ಣದಲ್ಲ. ಗೆಳೆಯರಿಗೆ ಕಾರ್ಡ್ ಕೊಟ್ಟು ‘ನೀನೇ ಕಟ್ಟು’ ಎನ್ನುವುದೂ ಬೇಡ. ಬಿಲ್ ಬರುವುದು ನಿಮ್ಮ ಹೆಸರಿಗೆ, ಅಂಕ ಇಳಿಯುವುದೂ ನಿಮ್ಮದೇ.

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಸ್ವಿಚ್‌ಗಳನ್ನು ನೋಡಿ. ಆನ್‌ಲೈನ್, ಹೊರದೇಶ, ಟ್ಯಾಪ್ ಎಂದು ಬೇರೆ ಬೇರೆ ಇರುತ್ತವೆ. ಹೊರದೇಶದ್ದು ಬೇಡದಿದ್ದರೆ ಆಫ್ ಇರಲಿ. ಟ್ಯಾಪ್ ಅಂದರೆ ಕಾರ್ಡನ್ನು ಮಷೀನಿಗೆ ತಾಗಿಸುವುದು, ಹಾಗೆ ಮಾಡಿದರೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸಿನ ಗದ್ದಲದಲ್ಲಿ ಪರ್ಸ್ ಕಳೆಯುವುದು ಹೊಸದಲ್ಲ. ಹೋಗುವ ಮೊದಲು ಟ್ಯಾಪ್ ಆಫ್ ಮಾಡಿ, ಬಂದ ಮೇಲೆ ಆನ್ ಮಾಡಿ.

‘ನಿಮ್ಮ ಲಿಮಿಟ್ ಹೆಚ್ಚಿಸುತ್ತೇವೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ವಾಟ್ಸ್ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಬಂದರೆ ಒತ್ತಬೇಡಿ. ರೊಕ್ಕ ಹೋಗಿಯೇ ಬಿಟ್ಟಿತು ಅಂದರೆ ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಗ ಊರಿಂದ ಬರಲಿ, ನೋಡೋಣ ಎಂದು ಕಾಯಬೇಡಿ. ತಡವಾದಷ್ಟೂ ರೊಕ್ಕ ಸಿಗುವುದು ಕಷ್ಟ.

ಕಾರ್ಡ್ ಬೇಡವಾದರೆ

ಕತ್ತರಿಯಿಂದ ಎರಡು ತುಂಡು ಮಾಡಿ ಎಸೆದರೆ ಕಾರ್ಡ್ ಮುಚ್ಚಿದಂತಲ್ಲ. ವರ್ಷದ ಫೀ ಬೀಳುತ್ತಲೇ ಇರುತ್ತದೆ, ಅದು ಕಟ್ಟದ ಬಾಕಿಯಾಗಿ ಸಿಬಿಲ್‌ಗೆ ಹೋಗುತ್ತದೆ. ಬಾಕಿ ಪೂರ್ತಿ ಕಟ್ಟಿ, ಉಳಿದ ಪಾಯಿಂಟ್ಸ್ ಬಳಸಿಕೊಂಡು, ಆ್ಯಪ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಮುಚ್ಚಲು ಅರ್ಜಿ ಹಾಕಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಬ್ಯಾಂಕ್ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ಮುಚ್ಚಿದ ಪತ್ರ ಬಂದ ಮೇಲೆ ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡಿ, ವರ್ಷಕ್ಕೊಮ್ಮೆ ಅದು ಫ್ರೀ. ಆ ಕಾರ್ಡಿನ ಮುಂದೆ ‘ಕ್ಲೋಸ್ಡ್’ ಎಂದು ಬಂದಿರಬೇಕು. ಬಂದಿರದಿದ್ದರೆ ಮುಚ್ಚಿದ ಪತ್ರದ ಪ್ರತಿ ಲಗತ್ತಿಸಿ ಬ್ಯಾಂಕಿಗೂ ಸಿಬಿಲ್‌ಗೂ ದೂರು ಹಾಕಿ.