ಕರಾವಳಿಯ ಪಿಕಪ್‌ಗೆ ಗಾಳಿ ದಾರಿ: ಏನು ಬದಲಿಸಬೇಕು, ಏನು ಮುಟ್ಟಬಾರದು

ಮಂಗಳೂರು, ಉಡುಪಿ ಕಡೆ ಓಡುವ ಪಿಕಪ್‌ಗಳಲ್ಲಿ ಹೆಚ್ಚಿನವು ಟರ್ಬೊ ಡೀಸೆಲ್. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಗಾಳಿಯನ್ನೇ ಎಳೆಯುತ್ತದೆ. ಎಷ್ಟು ಶಕ್ತಿ ಬರಬೇಕೆಂದು ತೀರ್ಮಾನಿಸುವುದು ಇಂಜೆಕ್ಟರ್ ಬಿಡುವ ಡೀಸೆಲ್. ಹಾಗಾಗಿ ಫಿಲ್ಟರ್ ಬದಲಿಸಿದ ಮಾತ್ರಕ್ಕೆ ಕುದುರೆಶಕ್ತಿ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಗಾಳಿಯ ದಾರಿ ಕಟ್ಟಿದ್ದರೆ, ಸೋರುತ್ತಿದ್ದರೆ, ಬಿಸಿ ಗಾಳಿ ಒಳಗೆ ಹೋಗುತ್ತಿದ್ದರೆ ಗಾಡಿಯ ಎಳೆತ ಖಂಡಿತ ಕಡಿಮೆಯಾಗುತ್ತದೆ. ಲೋಡು ಹಾಕಿಕೊಂಡು ಶಿರಾಡಿ, ಚಾರ್ಮಾಡಿ ಹತ್ತುವಾಗ ಅದು ಎದ್ದು ಕಾಣುತ್ತದೆ. ನಮ್ಮ ಕೆಲಸ ಆ ಕಳೆದುಹೋದ ಎಳೆತವನ್ನು ವಾಪಸ್ ತರುವುದು.

ಬೇಕಾದ ಸಾಮಾನು: ಸ್ಕ್ರೂಡ್ರೈವರ್, 8 ಮತ್ತು 10ರ ಸ್ಪ್ಯಾನರ್, ಬಿಳಿ ಬಟ್ಟೆ, ಟಾರ್ಚ್, ಎಂಎಎಫ್ ಸೆನ್ಸರ್ (ಒಳಹೋಗುವ ಗಾಳಿಯನ್ನು ಅಳೆಯುವ ಭಾಗ) ಕ್ಲೀನರ್ ಸ್ಪ್ರೇ, ಸ್ಟೇನ್‌ಲೆಸ್ ಸ್ಟೀಲ್ ಹೋಸ್ ಕ್ಲಿಪ್‌ಗಳು, ಹೊಸ ಫಿಲ್ಟರ್. ಎಂಜಿನ್ ಪೂರ್ತಿ ತಣಿದ ಮೇಲೆ ಕೈ ಹಾಕಿ.

ಮೊದಲು ಸೋರಿಕೆ

ಏರ್ ಕ್ಲೀನರ್ ಡಬ್ಬದಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ, ಅದರ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ನಮ್ಮೂರಿನಲ್ಲಿ ಈ ಪರೀಕ್ಷೆ ಬಹಳ ಸುಲಭ, ಏಕೆಂದರೆ ಮುರಕಲ್ಲಿನ ಧೂಳು ಕೆಂಪು. ಬಟ್ಟೆಗೆ ಕೆಂಪು ಹತ್ತಿದರೆ ಧೂಳು ಫಿಲ್ಟರನ್ನು ದಾಟಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಅದು ಟರ್ಬೊದ ರೆಕ್ಕೆಯನ್ನು, ಆಮೇಲೆ ಪಿಸ್ಟನ್ ರಿಂಗನ್ನು ಸವೆಸುತ್ತದೆ. ಹೆಚ್ಚು ಹಾನಿ ಮಾಡುವುದು ಕಣ್ಣಿಗೆ ಕಾಣದ, 5ರಿಂದ 20 ಮೈಕ್ರಾನಿನ ಕಣಗಳು. ಎರಡೂವರೆ ಲೀಟರಿನ ಎಂಜಿನ್ 2400 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3000 ಲೀಟರ್ ಗಾಳಿ ಎಳೆಯುತ್ತದೆ, ಟರ್ಬೊ ಒತ್ತಿ ತುಂಬುವಾಗ ಇನ್ನೂ ಹೆಚ್ಚು. ಸಣ್ಣ ಸಂದು ಕೂಡ ಸಣ್ಣದಲ್ಲ.

ಧೂಳು ಕಂಡರೆ ಮೂರು ಕಡೆ ನೋಡಿ: ಫಿಲ್ಟರಿನ ರಬ್ಬರ್ ಅಂಚು ಗಟ್ಟಿಯಾಗಿದೆಯೇ, ಡಬ್ಬದ ಮುಚ್ಚಳ ಸೊಟ್ಟಗಾಗಿದೆಯೇ, ಪೈಪಿನ ಮಡಿಕೆಗಳಲ್ಲಿ ಬಿರುಕಿದೆಯೇ. ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡದಿದ್ದರೆ ಬಿರುಕು ಕಾಣುವುದಿಲ್ಲ. ಮಲ್ಪೆ ಬಂದರು, ಮಂಗಳೂರಿನ ಧಕ್ಕೆಯಲ್ಲಿ ಮೀನು ಹೇರುವ ಗಾಡಿಗಳಲ್ಲಿ ಉಪ್ಪುನೀರಿಗೆ ಕ್ಲಿಪ್ ತುಕ್ಕು ಹಿಡಿದು, ಬಿಗಿಯಾಗಿದ್ದಂತೆ ಕಂಡರೂ ಸಡಿಲವಾಗಿರುತ್ತದೆ. ಸ್ಟೇನ್‌ಲೆಸ್ ಕ್ಲಿಪ್‌ಗೆ ಕೊಡುವ ಹಣ ದಂಡವಲ್ಲ.

ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಪೈಪಿನ ಜಾಯಿಂಟುಗಳನ್ನೂ ನೋಡಿ. ಒಳಗೆ ತುಸು ಎಣ್ಣೆ ಪಸೆ ಇರುವುದು ಸಹಜ. ಜಾಯಿಂಟಿನ ಹೊರಗೆ ಹಸಿಯಾದ ಕಪ್ಪು ಎಣ್ಣೆ ಮಸಿ ಇದ್ದರೆ ಬೂಸ್ಟ್, ಅಂದರೆ ಟರ್ಬೊ ಒತ್ತಿದ ಗಾಳಿ, ಅಲ್ಲಿಂದ ಸೋರುತ್ತಿದೆ. ಹಳೆಯ ಗಾಡಿಯಲ್ಲಿ ಇದಕ್ಕೆ ಕಪ್ಪು ಹೊಗೆ ಬರುತ್ತದೆ. ಬಿಎಸ್6 ಗಾಡಿಯಲ್ಲಿ ಡಿಪಿಎಫ್ (ಸೈಲೆನ್ಸರ್ ದಾರಿಯ ಮಸಿ ಫಿಲ್ಟರ್) ಹೊಗೆಯನ್ನು ಹಿಡಿದಿಡುವುದರಿಂದ ಏನೂ ಕಾಣದು, ಬದಲಿಗೆ ಹಿಡಿದ ಮಸಿಯನ್ನು ಸುಡುವ ರೀಜನರೇಶನ್ ಪದೇಪದೇ ಆಗುತ್ತದೆ. ಎಷ್ಟೋ ಗಾಡಿಗಳಿಗೆ ಬೇಕಾದದ್ದು ದುಬಾರಿ ಫಿಲ್ಟರ್ ಅಲ್ಲ, ಈ ಒಂದು ಪೈಪು.

ತಣ್ಣನೆಯ ಗಾಳಿ

ಕಂಪೆನಿ ಕೊಟ್ಟ ಡಬ್ಬ ಗ್ರಿಲ್ ಅಥವಾ ಫೆಂಡರ್ ಕಡೆಯಿಂದ, ಬಾನೆಟ್‌ನ ಬಿಸಿ ತಾಗದ ಗಾಳಿ ಎಳೆಯುವಂತೆ ಇರುತ್ತದೆ. ಆ ಗಾಳಿ ತರುವ ಡಕ್ಟ್ ಮುರಿದಿದ್ದರೆ, ಗ್ಯಾರೇಜಿನಲ್ಲಿ ಬಿಚ್ಚಿ ಹಾಗೇ ಬಿಟ್ಟಿದ್ದರೆ ಮೊದಲು ಅದನ್ನು ಹಾಕಿಸಿ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು 3 ಶೇಕಡಾ ಇಳಿಯುತ್ತದೆ.

ಇದೇ ಕಾರಣಕ್ಕೆ ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಕೂರಿಸುವುದು ಬೇಡ. ಟರ್ಬೊದ ಸೀಟಿ ಜೋರಾಗಿ ಕೇಳಿಸುವುದರಿಂದ ಗಾಡಿ ಓಡುತ್ತಿದೆ ಅನ್ನಿಸುತ್ತದೆ, ಒಳಗೆ ಹೋಗುವುದು ಮಾತ್ರ ಎಂಜಿನ್ ಪಕ್ಕದ ಬಿಸಿ ಗಾಳಿ. ಇನ್ನೊಂದು ತೊಂದರೆ ಎಂಎಎಫ್ ಸೆನ್ಸರಿನದ್ದು. ಅದು ತನ್ನ ಕೊಳವೆಯ ಅಗಲಕ್ಕೆ ಹೊಂದಿಕೊಂಡು ಗಾಳಿಯನ್ನು ಅಳೆಯುತ್ತದೆ. ಕೋನ್ ಫಿಲ್ಟರ್ ಕಿಟ್‌ನ ದೊಡ್ಡ ಕೊಳವೆಯಲ್ಲಿ ಕೂರಿಸಿದರೆ ಗಾಳಿ ಕಡಿಮೆ ಎಂದು ತಪ್ಪು ಲೆಕ್ಕ ಕೊಡುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದನ್ನು ನಂಬಿ ಡೀಸೆಲ್ ಕಡಿಮೆ ಮಾಡಿದರೆ, ಶಕ್ತಿಗೆಂದು ಹಾಕಿದ ಕಿಟ್ ಶಕ್ತಿಯನ್ನೇ ತಿನ್ನುತ್ತದೆ.

ಫಿಲ್ಟರ್ ಆಯ್ಕೆ

ದಿನವೂ ಲೋಡು ಹೊಡೆಯುವ ಗಾಡಿಗೆ ಒಳ್ಳೆಯ ಕಾಗದದ ಫಿಲ್ಟರೇ ಸರಿ. ಕೊಳ್ಳುವಾಗ ಮಡಿಕೆಗಳು ಸಮನಾಗಿವೆಯೇ, ಅಂಟು ಎಲ್ಲೂ ಬಿಟ್ಟಿಲ್ಲವೇ, ರಬ್ಬರ್ ಅಂಚು ಮೆತ್ತಗಿದೆಯೇ ನೋಡಿ. ಹಳೆಯದರ ಪಕ್ಕ ಇಟ್ಟಾಗ ಮಡಿಕೆ ತೀರಾ ಕಡಿಮೆ ಇದ್ದರೆ ಅದು ನಕಲಿ ಇರಬಹುದು.

ತೊಳೆದು ಬಳಸುವ ಹತ್ತಿಯ ಫಿಲ್ಟರ್ ಹಾಕಲೇಬೇಕೆಂದಿದ್ದರೆ ಮೂಲ ಡಬ್ಬದೊಳಗೇ ಕೂರುವ ಪ್ಯಾನೆಲ್ ತೆಗೆದುಕೊಳ್ಳಿ. ಎಣ್ಣೆ ಹೆಚ್ಚು ಹಾಕಿದರೆ ಅದು ಹಾರಿ ಸೆನ್ಸರಿನ ಮೇಲೆ ಕೂರುತ್ತದೆ, ಕಡಿಮೆ ಹಾಕಿದರೆ ಧೂಳು ದಾಟುತ್ತದೆ. ಬಿಸಿ ಗಾಳಿ ಊದಿ ಒಣಗಿಸಬಾರದು, ತಾನಾಗಿ ಒಣಗಬೇಕು. ಆಟಿ ತಿಂಗಳ ಮಳೆಯಲ್ಲಿ ಒಂದು ದಿನದಲ್ಲಿ ಒಣಗುವುದು ಕಷ್ಟ, ಆದ್ದರಿಂದ ಬದಲಿ ಫಿಲ್ಟರ್ ಒಂದು ಕೈಯಲ್ಲಿರಲಿ.

ಕೂರಿಸುವಾಗ ಡಬ್ಬವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟರ್ಬೊ ಕಡೆಯ ಬಾಯಿಗೆ ಬಟ್ಟೆ ತುರುಕಿಟ್ಟು ಧೂಳು ಬೀಳದಂತೆ ನೋಡಿಕೊಳ್ಳಿ. ಕೊನೆಗೆ ಅದನ್ನು ತೆಗೆಯಲು ಮರೆಯಬೇಡಿ. ಸೆನ್ಸರಿಗೆ ಅದರದ್ದೇ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಬೆರಳೂ ತಾಗಿಸಬೇಡಿ. ಹಳೆಯ ಕಾಗದದ ಫಿಲ್ಟರಿಗೆ ಕಂಪ್ರೆಸರ್ ಹಿಡಿಯುವ ಅಭ್ಯಾಸ ಎಲ್ಲ ಕಡೆ ಇದೆ. ಹತ್ತಿರದಿಂದ ಜೋರಾಗಿ ಊದಿದರೆ ಕಾಗದ ತೂತಾಗುತ್ತದೆ. ಒಳಗೆ ಟಾರ್ಚ್ ಹಿಡಿದರೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಚುಕ್ಕಿ ಕಂಡ ಫಿಲ್ಟರನ್ನು ಎಸೆಯಿರಿ.

ಬದಲಿಸುವ ಹೊತ್ತನ್ನು ಅಂದಾಜಿನಲ್ಲಿ ಹೇಳುವ ಬದಲು, ಫಿಲ್ಟರ್ ಮತ್ತು ಟರ್ಬೊ ನಡುವೆ ರಿಸ್ಟ್ರಿಕ್ಷನ್ ಇಂಡಿಕೇಟರ್ ಹಾಕಿಸಿದರೆ ಉತ್ತಮ. ಫಿಲ್ಟರ್ ಕಟ್ಟಿದಷ್ಟೂ ಎಂಜಿನ್ ಜೋರಾಗಿ ಹೀರಬೇಕು; ಏರಿನಲ್ಲಿ ಮುಟ್ಟಿದ ಗರಿಷ್ಠ ಹೀರುವ ಒತ್ತಡವನ್ನು ಅದು ಹಿಡಿದಿಟ್ಟು ತೋರಿಸುತ್ತದೆ. ಡೀಸೆಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 25 ಇಂಚು ನೀರು, ಅಂದರೆ ಸುಮಾರು 6.2 ಕಿಲೋಪಾಸ್ಕಲ್, ನಿಮ್ಮ ಗಾಡಿಯ ಮ್ಯಾನುವಲ್ ಬೇರೆ ಹೇಳಿದರೆ ಅದೇ ಅಂತಿಮ. ಇಂಡಿಕೇಟರಿಗೆ ತೂತು ಕೊರೆಯುವಾಗ ಆ ಭಾಗವನ್ನು ಬಿಚ್ಚಿ ಹೊರಗೆ ತಂದೇ ಕೊರೆಯಿರಿ.

ಮಳೆ ಮತ್ತು ಕಲ್ಲಿನ ಕೋರೆ

ಡಬ್ಬದ ತಳದಲ್ಲಿ ನೀರಿಳಿಯುವ ರಂಧ್ರ ಅಥವಾ ರಬ್ಬರ್ ಮೂತಿ ಇರುತ್ತದೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಮುನ್ನ ಬರುವ ತುಳುವರ ದಿನ) ಮುಂಚೆ ಅದರಲ್ಲಿ ಕಟ್ಟಿದ ಕೆಸರು, ಎಲೆ ತೆಗೆಯಿರಿ. ಕಟ್ಟಿದ್ದರೆ ನೀರು ನಿಂತು ಕಾಗದ ಒದ್ದೆಯಾಗಿ ಮಡಿಕೆಗಳು ಒಂದಕ್ಕೊಂದು ಅಂಟುತ್ತವೆ. ಗಾಡಿ ನೆರೆನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ಹೋದ ನೀರು ಕುಗ್ಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಹಾಕಿಸಿದ್ದರೂ ಕೆಳಗಿನ ಒಂದು ಜಾಯಿಂಟ್ ಸಡಿಲವಿದ್ದರೆ ನೀರು ಅಲ್ಲಿಂದಲೇ ನುಗ್ಗುತ್ತದೆ.

ಕಾರ್ಕಳ, ಮೂಡುಬಿದಿರೆ ಕಡೆಯ ಕೋರೆಗಳಿಗೆ ಹೋಗುವ ಗಾಡಿಗೆ ಧೂಳನ್ನು ಸುತ್ತಿಸಿ ಹೊರಹಾಕುವ ಸೈಕ್ಲೋನ್ ಪ್ರೀ-ಕ್ಲೀನರ್ ಉಪಯೋಗಕ್ಕೆ ಬರುತ್ತದೆ. ಎಂಜಿನ್‌ಗೆ ಬೇಕಾದ ಗಾಳಿಗೆ ತಕ್ಕ ಅಳತೆಯದ್ದೇ ಬೇಕು, ಚಿಕ್ಕದಾದರೆ ಅದೇ ದಾರಿ ಕಟ್ಟುತ್ತದೆ.

ಸ್ನಾರ್ಕೆಲ್, ಕಿಟ್ ಇವುಗಳಿಗೆ ಮುಂಚೆ ಆರ್‌ಟಿಒ ಮತ್ತು ಇನ್ಶೂರೆನ್ಸಿನವರನ್ನು ಕೇಳಿ. ಕಂಪೆನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ವಾರಂಟಿ ಇರುವ ಗಾಡಿಯಲ್ಲಿ ಮೂಲ ಡಬ್ಬ, ಕಾಗದದ ಫಿಲ್ಟರ್ ಬಿಟ್ಟು ಬೇರೇನೂ ಬೇಡ.

ಎಲ್ಲ ಜೋಡಿಸಿ 500 ಕಿಲೋಮೀಟರ್ ಓಡಿದ ಮೇಲೆ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಪೈಪ್ ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಹತ್ತಿದರೆ ಮತ್ತೆ ಸೀಲ್ ಹುಡುಕಬೇಕು.